ಮುಂದಿನ ಪುಸ್ತಕ ಯಾವುದು? ಜಪಾನಿ, ಇಂಗ್ಲಿಷ್ ಕಲಿಯುವವರಿಗೆ ಹೋಲಿಕೆಯ ಮಾರ್ಗದರ್ಶಿ

ಜಪಾನಿ ಕಲಿಯುವವರನ್ನು ಈಗೇನು ಓದುತ್ತಿದ್ದೀರಿ ಎಂದು ಕೇಳಿದರೆ ಕೆಲವು ಹೆಸರುಗಳು ಮತ್ತೆ ಮತ್ತೆ ಬರುತ್ತವೆ. ಅಜುಮಾ ಕಿಯೊಹಿಕೊ ಅವರ ಮಾಂಗಾ (ಜಪಾನಿ ಚಿತ್ರಕಥೆ) ‘ಯೊತ್ಸುಬಾತೊ’, ಕದೊನೊ ಏಕೊ ಅವರ ‘ಮಾಜೊ ನೊ ತಕ್ಯೂಬಿನ್’, ಮುರಾತಾ ಸಾಯಾಕಾ ಅವರ ‘ಕೊನ್ಬಿನಿ ನಿಂಗೆನ್’. ಇಂಗ್ಲಿಷ್ ಕಲಿಯುವವರ ಕೈಯಲ್ಲಿ ಹ್ಯಾರಿ ಪಾಟರ್, ‘ಅನಿಮಲ್ ಫಾರ್ಮ್’, ನಮ್ಮ ಕಡೆಯಾದರೆ ಆರ್.ಕೆ. ನಾರಾಯಣ್. ಇವೆಲ್ಲ ಒಳ್ಳೆಯ ಪುಸ್ತಕಗಳೇ. ಆದರೂ ಹೆಸರು ಕೇಳಿದ ತಕ್ಷಣ ಕೊಂಡವರಲ್ಲಿ ಹಲವರು ಮೂರನೇ ಪುಟ ದಾಟುವುದಿಲ್ಲ. ಪುಸ್ತಕ ಎಷ್ಟು ಚೆನ್ನಾಗಿದೆ ಎಂಬುದಕ್ಕಿಂತ, ಪುಟಕ್ಕೆ ಎಷ್ಟು ಗೊತ್ತಿಲ್ಲದ ಪದ ಸಿಗುತ್ತದೆ, ಒಂದೊಂದನ್ನು ಹುಡುಕಲು ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದನ್ನು ಮೊದಲು ನೋಡಬೇಕು.

ಲೆಕ್ಕ ಹಾಕಿ ನೋಡೋಣ. ನಿಘಂಟಿಲ್ಲದೆ ಕಥೆ ಸಲೀಸಾಗಿ ಅರ್ಥವಾಗಬೇಕಾದರೆ ಪುಟದ ಶೇ. 98ರಷ್ಟು ಪದಗಳು ಗೊತ್ತಿರಬೇಕು ಎಂಬುದು ಪದಸಂಪತ್ತಿನ ಸಂಶೋಧಕ ಪಾಲ್ ನೇಷನ್ ಅವರ ಅಧ್ಯಯನಗಳಿಂದ ಬಂದ, ಈಗ ಎಲ್ಲರೂ ಬಳಸುವ ಅಳತೆ. 300 ಪದಗಳ ಪುಟವಾದರೆ ಗೊತ್ತಿಲ್ಲದವು 6 ಮಾತ್ರ. ಶೇ. 95ಕ್ಕೆ ಇಳಿದರೆ 15. ಇಂಗ್ಲಿಷ್ ಇ-ಪುಸ್ತಕದಲ್ಲಿ ಪದದ ಮೇಲೆ ಬೆರಳಿಟ್ಟರೆ ಅರ್ಥ ಬರುತ್ತದೆ. ಐದು ಸೆಕೆಂಡಿನಂತೆ 15 ಪದಕ್ಕೆ ಒಂದೂಕಾಲು ನಿಮಿಷ. ಅದೇ ಫುರಿಗಾನ (ಪಕ್ಕದಲ್ಲಿ ಸಣ್ಣದಾಗಿ ಬರೆದ ಉಚ್ಚಾರಣೆ) ಇಲ್ಲದ ಜಪಾನಿ ಮುದ್ರಿತ ಪುಸ್ತಕದಲ್ಲಿ ಕಾಂಜಿಯ, ಅಂದರೆ ಚೀನೀ ಮೂಲದ ಅರ್ಥಾಕ್ಷರಗಳ, ಉಚ್ಚಾರಣೆಯೇ ಗೊತ್ತಿರುವುದಿಲ್ಲ, ಆದ್ದರಿಂದ ನಿಘಂಟಿನಲ್ಲಿ ಟೈಪ್ ಮಾಡಲೂ ಆಗುವುದಿಲ್ಲ. ಫೋನಿನ ಮೇಲೆ ಬೆರಳಲ್ಲಿ ಗೀಚಿ, ಸರಿಯಾದ ಅಕ್ಷರ ಆರಿಸಿ, ಪದ ಹುಡುಕುವಷ್ಟರಲ್ಲಿ ಒಂದು ನಿಮಿಷ ಹೋಗುತ್ತದೆ. ಪುಟಕ್ಕೆ 15 ನಿಮಿಷವಾದರೆ 200 ಪುಟದ ಪುಸ್ತಕಕ್ಕೆ ನಿಘಂಟಿನ ಕೆಲಸವೇ 50 ಗಂಟೆ. ಇಷ್ಟು ಹೊತ್ತು ಕೂತವರು ಓದಿದ್ದಕ್ಕಿಂತ ಹುಡುಕಿದ್ದೇ ಹೆಚ್ಚಾಗಿರುತ್ತದೆ.

ಹಾಗಾಗಿ ಕೊಳ್ಳುವ ಮುನ್ನ ಒಂದು ಪುಟ ಎಣಿಸಿ. ಮೊದಲ ಪುಟ ಬೇಡ. ಅಲ್ಲಿ ಲೇಖಕರು ಊರು, ಮನೆ, ಹವೆ ವರ್ಣಿಸುತ್ತಿರುತ್ತಾರೆ, ಪದಗಳು ಕಷ್ಟ. ನಡುವಿನ ಒಂದು ಪುಟ, ಸಾಧ್ಯವಾದರೆ ಅರ್ಧ ಸಂಭಾಷಣೆ ಅರ್ಧ ನಿರೂಪಣೆ ಇರುವುದನ್ನು ತೆಗೆದುಕೊಳ್ಳಿ. ಜಪಾನಿನ ಬುಂಕೊ (ಜೇಬಿಗೆ ಹಿಡಿಸುವ ಪುಸ್ತಕ) ಗಾತ್ರದ ಪುಟದಲ್ಲಿ ಸುಮಾರು 600 ಅಕ್ಷರ ಇರುತ್ತದೆ, ಹೆಚ್ಚುಕಡಿಮೆ 300 ಪದದಷ್ಟೇ. ಗೊತ್ತಿಲ್ಲದವು 6ರೊಳಗಿದ್ದರೆ ಬಸ್ಸಿನಲ್ಲಿ ಓದುವ ಪುಸ್ತಕ. 15ರ ತನಕ ಇದ್ದರೆ ಮೇಜಿನ ಮುಂದೆ ಕೂತು ಓದುವ ಪುಸ್ತಕ. 25 ದಾಟಿದರೆ ಆರು ತಿಂಗಳು ಕಪಾಟಿನಲ್ಲಿರಲಿ.

ಈ ಎಣಿಕೆ ಎರಡು ಭಾಷೆಗಳಲ್ಲಿ ಎರಡು ರೀತಿ ಮೋಸ ಮಾಡುತ್ತದೆ. ಜಪಾನಿಯಲ್ಲಿ ಅರ್ಥ ಗೊತ್ತಿದ್ದೂ ಓದಲು ಬಾರದ ಪದಗಳು ಸಿಗುತ್ತವೆ. ‘ಚಿತ್ರ, ಬರಹ, ಕಟ್ಟಡ’ ಎಂಬ ಮೂರು ಕಾಂಜಿ ನೋಡಿ ಗ್ರಂಥಾಲಯ ಎಂದು ಊಹಿಸಬಹುದು, ‘ತೊಶೊಕಾನ್’ ಎಂದು ಬಾಯಲ್ಲಿ ಬರುವುದಿಲ್ಲ. ಇಂಗ್ಲಿಷಿನಲ್ಲಿ ಇದು ತಿರುಗುಮುರುಗು. ‘ಪುಟ್’, ‘ಅಪ್’, ‘ವಿತ್’ ಮೂರೂ ಗೊತ್ತು, ಆದರೆ ‘ಪುಟ್ ಅಪ್ ವಿತ್’ ಎಂದರೆ ಸಹಿಸಿಕೊಳ್ಳುವುದು ಎಂದು ಹೊಳೆಯದು. ಇಂಗ್ಲಿಷ್ ಪುಟ ಎಣಿಸುವಾಗ ಇಂಥ ಜೋಡಿ ಕ್ರಿಯಾಪದಗಳನ್ನೂ ಗೊತ್ತಿಲ್ಲದವೆಂದೇ ಎಣಿಸಿ.

ಮಟ್ಟ ಹಾಕಿದ ಪುಸ್ತಕಗಳು

ಕಲಿಯುವವರಿಗೆಂದೇ ಪದ ಮಿತಿಗೊಳಿಸಿ ಬರೆದ ಕಿರುಪುಸ್ತಕಗಳು ಎರಡೂ ಭಾಷೆಯಲ್ಲಿವೆ. ಜಪಾನಿಯಲ್ಲಿ ಇದಕ್ಕೆ ‘ತದೊಕು’ ಎಂದು ಹೆಸರು, ಅಂದರೆ ಹೇರಳ ಓದು. 0ಯಿಂದ 5ರವರೆಗೆ ಮಟ್ಟಗಳು. ಮೊದಲೆರಡರಲ್ಲಿ ಸುಮಾರು 350 ಪದ, 2ರಲ್ಲಿ 500, 3ರಲ್ಲಿ 800, 4ರಲ್ಲಿ 1300, 5ರಲ್ಲಿ 2000. ತದೊಕು ನಡೆಸುವ ಲಾಭರಹಿತ ಸಂಸ್ಥೆಯ ತಾಣದಲ್ಲಿ ಸಾಕಷ್ಟು ಪುಸ್ತಕಗಳು ಪುಕ್ಕಟೆಯಾಗಿ ಸಿಗುತ್ತವೆ, ಆದ್ದರಿಂದ ಮೊದಲ ಮೂರು ತಿಂಗಳು ಏನೂ ಕೊಳ್ಳಬೇಕಿಲ್ಲ. ಇಂಗ್ಲಿಷಿನ ಆಕ್ಸ್‌ಫರ್ಡ್ ಬುಕ್‌ವರ್ಮ್ಸ್ ಮಾಲೆ 250 ಪದಗಳಲ್ಲಿ ಆರಂಭವಾಗಿ 400, 700, 1000, 1400, 1800 ಹಾದು 2500ಕ್ಕೆ ಮುಗಿಯುತ್ತದೆ. ಕೇಂಬ್ರಿಡ್ಜ್ ಮಾಲೆ 3800ರವರೆಗೂ ಹೋಗುತ್ತದೆ.

ಇಂಗ್ಲಿಷಿನಲ್ಲಿ ಇವೆರಡರ ನಡುವೆ ಆರಿಸಬೇಕಾದರೆ ಕೇಂಬ್ರಿಡ್ಜಿನದ್ದು ಮೇಲು. ಬುಕ್‌ವರ್ಮ್ಸ್‌ನಲ್ಲಿ ಡ್ರಾಕುಲಾ, ಷರ್ಲಾಕ್ ಹೋಮ್ಸ್‌ನಂಥ ಹಳೆಯ ಕೃತಿಗಳ ಸಂಕ್ಷಿಪ್ತ ರೂಪ ಬಹಳ. ನಾನೂರು ಪುಟದ ಕಾದಂಬರಿ ಅರವತ್ತಕ್ಕಿಳಿದಾಗ ಉಳಿಯುವುದು ಘಟನೆಗಳ ಪಟ್ಟಿ. ಕೇಂಬ್ರಿಡ್ಜಿನವು ಆ ಮಟ್ಟಕ್ಕೇ ಹೊಸದಾಗಿ ಬರೆದ ಕಥೆಗಳು, ಓಟ ಚೆನ್ನಾಗಿರುತ್ತದೆ.

ತದೊಕು ನಿಯಮಗಳು ನಾಲ್ಕೇ: ಸುಲಭದ್ದರಿಂದ ಶುರು ಮಾಡು, ನಿಘಂಟು ತೆಗೆಯಬೇಡ, ಗೊತ್ತಾಗದ್ದನ್ನು ಹಾರಿಸು, ಸಾಗದಿದ್ದರೆ ಪುಸ್ತಕ ಬದಲಿಸು. ನಮ್ಮವರು ಎಡವುವುದು ಎರಡನೆಯದರಲ್ಲಿ. ಪ್ರತಿ ಪದಕ್ಕೂ ಅರ್ಥ ಬರೆಯಬೇಕು ಎಂಬ ಶಾಲೆಯ ರೂಢಿ ಬಿಡುವುದಿಲ್ಲ. ಒಂದು ಮಟ್ಟದಲ್ಲಿ ಸತತ ಮೂರು ಪುಸ್ತಕ ನಿಘಂಟಿಲ್ಲದೆ ಮುಗಿದರೆ ಮೇಲಕ್ಕೆ ಹೋಗಿ. ಅಲ್ಲಿಯ ತನಕ ಅದೇ ಮಟ್ಟದ ಹತ್ತು ಪುಸ್ತಕ ಬೇಕಾದರೂ ಬೇಕಾಗಲಿ.

ಈ ಮಟ್ಟಗಳ ಏಣಿಯ ತುದಿಯಲ್ಲಿ ಮಾತ್ರ ಒಂದು ಕಂದರವಿದೆ. ನೇಷನ್ ಅವರ ಲೆಕ್ಕದಲ್ಲಿ ಸಾಮಾನ್ಯ ಇಂಗ್ಲಿಷ್ ಕಾದಂಬರಿಗೆ ಶೇ. 98 ಮುಟ್ಟಲು 8000ದಿಂದ 9000 ಪದಕುಟುಂಬ (ಒಂದು ಮೂಲಪದ, ಅದರಿಂದ ಬಂದ ರೂಪಗಳು ಸೇರಿ ಒಂದು) ಬೇಕು, ಏಣಿ ಮುಗಿಯುವುದು 2500 ಅಥವಾ 3800ಕ್ಕೆ. ಜಪಾನಿಯಲ್ಲಿ 2000 ಪದಕ್ಕೆ ಏಣಿ ಮುಗಿದ ಮೇಲೆ ಪದದ ಜೊತೆ ಕಾಂಜಿಯ ಗೋಡೆಯೂ ಎದುರಾಗುತ್ತದೆ: ಪ್ರಾಥಮಿಕ ಶಾಲೆಯ ಆರು ವರ್ಷಗಳದ್ದು 1026, ಸಾಮಾನ್ಯ ಬಳಕೆಯ ಪೂರ್ಣ ಪಟ್ಟಿ 2136. ಕಲಿಯುವವರು ಈಗ ಓದುತ್ತಿರುವ ಪುಸ್ತಕಗಳ ಹೆಸರುಗಳೆಲ್ಲ ಬರುವುದು ಈ ಕಂದರ ದಾಟುವ ಜಾಗದಲ್ಲೇ.

ಮಾಂಗಾ, ಮಕ್ಕಳ ಪುಸ್ತಕ, ಸರಳ ಸುದ್ದಿ

‘ಯೊತ್ಸುಬಾತೊ’ 2003ರಲ್ಲಿ ಶುರುವಾದ ಮಾಂಗಾ. ಚಿಕ್ಕ ಹುಡುಗಿಯೊಬ್ಬಳ ದಿನಚರಿ. ಚಿತ್ರವೇ ಅರ್ಧ ಅರ್ಥ ಹೇಳುತ್ತದೆ, ಕಾಂಜಿಯ ಪಕ್ಕದಲ್ಲಿ ಫುರಿಗಾನ ಇದೆ, ಪದಗಳು ಮನೆ, ಅಂಗಡಿ, ಮಳೆ, ತಿಂಡಿಯವು. ಆದರೂ ಪಠ್ಯಪುಸ್ತಕ ಮುಗಿಸಿ ಬಂದವರು ಕಂಗಾಲಾಗುತ್ತಾರೆ. ಮಾಂಗಾ ಬಹುಪಾಲು ಆಡುಮಾತು. ಪಾಠದಲ್ಲಿ ‘ಶಿನಾಕೆರೆಬಾ ನರನಾಯಿ’ ಎಂದು ಕಲಿತದ್ದು ಇಲ್ಲಿ ‘ಶಿನಾಕ್ಯಾ’ ಆಗಿರುತ್ತದೆ, ‘ತೆ ಶಿಮಾವು’ ಎಂಬುದು ‘ಚಾವು’ ಆಗಿರುತ್ತದೆ. ನಿಘಂಟಿನಲ್ಲಿ ಈ ರೂಪ ಹುಡುಕಿದರೆ ಸಿಗುವುದು ಕಷ್ಟ. ‘ಮಾಡಬೇಕಾಗಿದೆ’ ಎಂದು ಕಲಿತವರಿಗೆ ‘ಮಾಡ್ಬೇಕಿತ್ತಲ್ವಾ’ ಕೊಟ್ಟ ಹಾಗೆ. ಇಂಥ ಕುಗ್ಗಿದ ರೂಪಗಳು ಒಟ್ಟು ಹದಿನೈದೋ ಇಪ್ಪತ್ತೋ ಇರಬಹುದು. ಮೊದಲ ಸಂಪುಟಕ್ಕೆ ಮುಂಚೆ ಅವನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡರೆ ಅರ್ಧ ತೊಂದರೆ ಹೋಗುತ್ತದೆ.

ಬೇರೆ ಮಾಂಗಾ ಆರಿಸುವಾಗ ಫುರಿಗಾನ ನೋಡಿ. ಹುಡುಗ ಹುಡುಗಿಯರ ಪತ್ರಿಕೆಗಳಿಂದ ಬಂದವುಗಳಲ್ಲಿ ಸಾಮಾನ್ಯವಾಗಿ ಪ್ರತಿ ಕಾಂಜಿಗೂ ಇರುತ್ತದೆ. ಇದಕ್ಕೆ ‘ಸೋರುಬಿ’ ಎನ್ನುತ್ತಾರೆ. ದೊಡ್ಡವರ ಪತ್ರಿಕೆಯಿಂದ ಬಂದವುಗಳಲ್ಲಿ ಅಲ್ಲೊಂದು ಇಲ್ಲೊಂದು ಮಾತ್ರ. ಇನ್ನೊಂದು ತೊಡಕು: ಡಿಜಿಟಲ್ ಮಾಂಗಾ ಎಂದರೆ ಚಿತ್ರ. ಪದದ ಮೇಲೆ ಬೆರಳಿಟ್ಟರೆ ಏನೂ ಆಗದು. ಬ್ರೌಸರಿನಲ್ಲಿ ಯೊಮಿತಾನ್ ವಿಸ್ತರಣೆ ಹಾಕಿಕೊಂಡರೆ ವೆಬ್ ಪಠ್ಯದ ಮೇಲೆ ತಕ್ಷಣ ಅರ್ಥ ಬರುತ್ತದೆ, ಮಾಂಗಾ ಪುಟಕ್ಕಾದರೆ ಮೊದಲು ಚಿತ್ರದಿಂದ ಅಕ್ಷರ ಗುರುತಿಸುವ ತಂತ್ರಾಂಶ ಬೇಕು. ಮಟ್ಟಸವಾದ ಕಾದಂಬರಿಯನ್ನು ಇ-ಪುಸ್ತಕವಾಗಿ ಓದುವುದು ಕಾಗದದ ಮಾಂಗಾಕ್ಕಿಂತ ವೇಗ ಎಂಬುದು ಬಹಳ ಜನಕ್ಕೆ ತಡವಾಗಿ ತಿಳಿಯುತ್ತದೆ.

ಮಕ್ಕಳ ಚಿತ್ರಪುಸ್ತಕ ಸುಲಭ ಎಂಬುದು ಇನ್ನೊಂದು ಭ್ರಮೆ. ಕಾಂಜಿ ಇಲ್ಲದೆ ಬರೀ ಹಿರಾಗಾನದಲ್ಲಿ (ಉಚ್ಚಾರಣೆಯನ್ನಷ್ಟೇ ತೋರಿಸುವ ಲಿಪಿ) ಬರೆದ ಸಾಲು ಕಲಿಯುವವರಿಗೆ ಕಷ್ಟ. ‘ಹಾಶಿ’ ಎಂದರೆ ಸೇತುವೆಯೋ ಊಟದ ಕಡ್ಡಿಯೋ ಅಂಚೋ? ‘ಕಾಮಿ’ ದೇವರೋ ಕಾಗದವೋ ಕೂದಲೋ? ಜಪಾನಿನ ಮಗುವಿಗೆ ಮಾತು ಮೊದಲೇ ಬರುತ್ತದೆ, ಓದುವುದನ್ನಷ್ಟೇ ಕಲಿಯಬೇಕು. ನಮಗೆ ಎರಡೂ ಇಲ್ಲ. ಇಂಗ್ಲಿಷಿನಲ್ಲೂ ಹೀಗೇ: ಪ್ರಾಸಕ್ಕಾಗಿ ತಿರುಚಿದ ಸಾಲು, ಹಂದಿಗೂಡಿನ ಭಾಗಗಳ ಹೆಸರು, ಪ್ರಾಣಿಗಳ ಕೂಗು. ವಯಸ್ಕರ ಜೀವನಕ್ಕೆ ಇವುಗಳಲ್ಲಿ ಎಷ್ಟು ಉಪಯೋಗ? ಒಂದು ಅಪವಾದವುಂಟು. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ತಾಣದಲ್ಲಿ ಒಂದೇ ಕಥೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಸಿಗುತ್ತದೆ, ನಾಲ್ಕು ಮಟ್ಟಗಳಿವೆ, ದುಡ್ಡಿಲ್ಲ. ಹಳ್ಳಿ ಶಾಲೆಯಿಂದ ಬಂದು ಹೊಸದಾಗಿ ಇಂಗ್ಲಿಷ್ ಹಿಡಿಯುವ ದೊಡ್ಡವರಿಗೂ ಮೂರು, ನಾಲ್ಕನೇ ಮಟ್ಟ ನಾಚಿಕೆಯಾಗದಂತಿರುತ್ತದೆ.

ಸರಳ ಸುದ್ದಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಜಪಾನಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಎಚ್‌ಕೆಯ ಸರಳ ಜಪಾನಿ ಸುದ್ದಿಯಲ್ಲಿ ಫುರಿಗಾನ, ಧ್ವನಿ, ಪದದರ್ಥ ಎಲ್ಲ ಇದೆ. ಭೂಕಂಪ, ಚಂಡಮಾರುತ, ಬೆಲೆಯೇರಿಕೆಯ ಪದಗಳು ಎರಡು ತಿಂಗಳಲ್ಲಿ ಗಟ್ಟಿಯಾಗುತ್ತವೆ, ಆಮೇಲೆ ಹೊಸದು ಕಡಿಮೆ. ಇಂಗ್ಲಿಷಿಗೆ ಅಮೆರಿಕದ ವಾಯ್ಸ್ ಆಫ್ ಅಮೆರಿಕಾ 1959ರಿಂದ ಸುಮಾರು 1500 ಪದಗಳಲ್ಲಿ ನಿಧಾನ ಸುದ್ದಿ ಕೊಡುತ್ತಿತ್ತು. 2025ರ ಮಾರ್ಚ್‌ನಲ್ಲಿ ಆ ಸಂಸ್ಥೆಯ ಬಹುಪಾಲು ಸಿಬ್ಬಂದಿಯನ್ನು ರಜೆಯ ಮೇಲೆ ಕಳಿಸಲಾಯಿತು, ಹಾಗಾಗಿ ಅದನ್ನು ಹಳೆಯ ಸಂಗ್ರಹವೆಂದೇ ಬಳಸಿ.

ಕನ್ನಡಿಗರು ಮಾಂಗಾಕ್ಕಿಂತ ಮೊದಲು ಗದ್ಯ ಹಿಡಿಯಬಹುದು

ಎಲ್ಲೆಡೆ ಸಿಗುವ ಸಲಹೆ ಇಂಗ್ಲಿಷ್ ಮಾತೃಭಾಷೆಯವರು ಬರೆದದ್ದು. ಮೊದಲು ಮಾಂಗಾ, ಆಮೇಲೆ ಗದ್ಯ ಎನ್ನುತ್ತಾರೆ, ಏಕೆಂದರೆ ಜಪಾನಿಯ ಉದ್ದ ವಾಕ್ಯ ಅವರ ತಲೆ ತಿರುಗಿಸುತ್ತದೆ. ಕನ್ನಡದವರಿಗೆ ಆ ತೊಂದರೆ ಅಷ್ಟಿಲ್ಲ. ‘ಕಿನೊ ಕತ್ತ ಹೊನ್’ ಎಂದರೆ ನಿನ್ನೆ ಕೊಂಡ ಪುಸ್ತಕ, ಪದದ ಜಾಗ ಕೂಡ ಬದಲಾಗದು. ‘ತಬೆತೆ ಮಿರು’ ತಿಂದು ನೋಡು. ‘ಕಾಯಿತೆ ಒಕು’ ಬರೆದಿಡು. ‘ತಬೆತೆ ಶಿಮಾವು’ ತಿಂದುಬಿಡು. ‘ತೊ ಇತ್ತ’ ಅಂತ ಹೇಳಿದ. ಇಂಗ್ಲಿಷಿನವರು ಒಂದೊಂದನ್ನೂ ವ್ಯಾಕರಣ ಪಾಠವಾಗಿ ಕಲಿಯಬೇಕು, ನಮಗೆ ಅದು ಮನೆಯ ಮಾತು. ಗಡಗಡ, ಥಳಥಳ, ಪಟಪಟ ಎಂದು ಬೆಳೆದವರಿಗೆ ಜಪಾನಿಯ ‘ಕಿರಾಕಿರಾ’, ‘ದೊಕಿದೊಕಿ’ಗಳೂ ಅಪರಿಚಿತವೆನಿಸವು.

ಹಾಗಾಗಿ ಕನ್ನಡಿಗರಿಗೆ ಅಡ್ಡಿ ವಾಕ್ಯವಲ್ಲ, ಕಾಂಜಿ. ಜಪಾನಿ ಭಾಷಾ ಪರೀಕ್ಷೆ ಜೆಎಲ್‌ಪಿಟಿಯ ಎನ್4 ಮಟ್ಟ (ಐದರಲ್ಲಿ ಕೆಳಗಿನಿಂದ ಎರಡನೆಯದು, ಎನ್1 ಮೇಲಿನದು) ಮುಗಿದ ಕೂಡಲೇ ಪೂರ್ಣ ಫುರಿಗಾನ ಇರುವ ಗದ್ಯಕ್ಕೆ ಹೋಗಿ, ಮಾಂಗಾವನ್ನು ಪಕ್ಕದ ತಿಂಡಿಯಾಗಿ ಇಟ್ಟುಕೊಳ್ಳಿ ಎಂಬುದು ನಮ್ಮ ಸಲಹೆ. ಕೊದಾನ್ಶಾದ ಆವೊಯಿ ತೊರಿ ಬುಂಕೊ, ಕದೊಕಾವಾದ ತ್ಸುಬಾಸಾ ಬುಂಕೊ ಎರಡೂ ಹತ್ತು ಹನ್ನೆರಡು ವಯಸ್ಸಿನವರ ಮಾಲೆಗಳು, ಫುರಿಗಾನ ಧಾರಾಳ. ಶಿಂಕಾಯಿ ಮಕೊತೊ ಅವರ ‘ಕಿಮಿ ನೊ ನಾವಾ’ ಕಾದಂಬರಿ (2016) ದೊಡ್ಡವರ ಬುಂಕೊದಲ್ಲೂ ಇದೆ, ತ್ಸುಬಾಸಾದಲ್ಲೂ ಇದೆ. ಕೊಳ್ಳುವಾಗ ಮಾಲೆಯ ಹೆಸರು ನೋಡದಿದ್ದರೆ ಫುರಿಗಾನ ಇಲ್ಲದ ಪ್ರತಿ ಮನೆಗೆ ಬರುತ್ತದೆ. ಸಿನಿಮಾ ನೋಡಿದವರಿಗೆ ಕಥೆ ಗೊತ್ತಿರುತ್ತದೆ ಎಂಬುದು ಇದರ ಇನ್ನೊಂದು ಅನುಕೂಲ. 1985ರ ‘ಮಾಜೊ ನೊ ತಕ್ಯೂಬಿನ್’ ಕೂಡ ಫುಕುಯಿಂಕಾನ್‌ನ ಮಕ್ಕಳ ಆವೃತ್ತಿ, ಕದೊಕಾವಾದ ದೊಡ್ಡವರ ಆವೃತ್ತಿ ಎಂದು ಎರಡು ಬಗೆಯಲ್ಲಿ ಸಿಗುತ್ತದೆ. ಮೊದಲನೆಯದನ್ನೇ ಕೇಳಿ.

ಕನ್ನಡದ ಅನುಕೂಲ ಒಂದು ಕಡೆ ಕೈಕೊಡುತ್ತದೆ. ‘ಹೋದೆ, ಹೋದ, ಹೋದಳು’ ಎಂದು ನಮ್ಮ ಕ್ರಿಯಾಪದ ಯಾರೆಂದು ಹೇಳಿಬಿಡುತ್ತದೆ, ಆದ್ದರಿಂದ ಕರ್ತೃ ಬಿಟ್ಟರೂ ನಡೆಯುತ್ತದೆ. ಜಪಾನಿಯಲ್ಲಿ ಹೋಗುವುದರ ಭೂತಕಾಲ ‘ಇತ್ತ’ ಎಲ್ಲರಿಗೂ ಒಂದೇ, ಕರ್ತೃವೂ ಇರುವುದಿಲ್ಲ. ಮೂವರ ಸಂಭಾಷಣೆಯಲ್ಲಿ ಯಾರ ಮಾತು ಯಾವುದೆಂದು ತಪ್ಪಿಹೋಗುತ್ತದೆ. ಸುಳಿವುಗಳು ಇವು: ತನ್ನನ್ನು ‘ಒರೆ’, ‘ಬೊಕು’, ‘ವಾತಾಶಿ’ಯಲ್ಲಿ ಯಾವುದೆಂದು ಕರೆದುಕೊಳ್ಳುತ್ತಾರೆ, ವಾಕ್ಯದ ಬಾಲದಲ್ಲಿ ‘ಜೊ’ ಇದೆಯೋ ‘ವಾ’ ಇದೆಯೋ, ಗೌರವದ ಕ್ರಿಯಾರೂಪ ಯಾರ ಕಡೆಗೆ ಇದೆ. ಪ್ರತಿ ಪಾತ್ರದ ಮುಂದೆ ಈ ಮೂರನ್ನು ಪುಸ್ತಕದ ಒಳರಟ್ಟಿನ ಮೇಲೆ ಪೆನ್ಸಿಲಿನಲ್ಲಿ ಬರೆದಿಟ್ಟುಕೊಂಡರೆ ಸಾಕು.

ಇದಾದ ಮೇಲೆ ದೊಡ್ಡವರ ಕಾದಂಬರಿ. ‘ಕೊನ್ಬಿನಿ ನಿಂಗೆನ್’ 2016ರಲ್ಲಿ ಅಕುತಾಗಾವಾ ಪ್ರಶಸ್ತಿ ಪಡೆದದ್ದು, ತೆಳ್ಳಗಿದೆ, ಕಥೆ ಒಂದೇ ಅಂಗಡಿಯ ಸುತ್ತ ತಿರುಗುತ್ತದೆ. ಕಪಾಟು, ಗಲ್ಲೆ, ಗಿರಾಕಿ, ಪಾಳಿಯ ಪದಗಳನ್ನು ಮೊದಲ 20 ಪುಟದಲ್ಲಿ ಕಲಿತರೆ ಉಳಿದದ್ದು ತಾನಾಗಿ ಹಗುರಾಗುತ್ತದೆ. ಶಿಗುಸಾವಾ ಕೆಯಿಚಿ ಅವರ ‘ಕಿನೊ ನೊ ತಬಿ’ ಬಿಡಿ ಬಿಡಿ ಪ್ರಸಂಗಗಳ ಮಾಲೆ. ಮಧ್ಯೆ ವಾರಗಟ್ಟಲೆ ಬಿಟ್ಟು ಓದುವವರಿಗೆ ಅದು ವಾಸಿ, ಆದರೆ ಪ್ರತಿ ಪ್ರಸಂಗಕ್ಕೂ ಹೊಸ ದೇಶ, ಹೊಸ ಪದ. ಮುರಾಕಾಮಿ ಹರುಕಿಯ ವಾಕ್ಯ ಸರಳವೆಂದು ಹಲವರು ‘ನೊರುವೆಯಿ ನೊ ಮೊರಿ’ಗೆ ಹಾರುತ್ತಾರೆ. ಸರಳ ಹೌದು, ಆದರೆ ಎರಡು ಸಂಪುಟ. ಮೊದಲ ಕಾದಂಬರಿ ಮುಗಿಯುವಂಥದ್ದಾಗಿರಲಿ.

ಇಂಗ್ಲಿಷ್ ಕಾದಂಬರಿ: ಗೊತ್ತಿರುವ ಲೋಕದಿಂದ

ಹ್ಯಾರಿ ಪಾಟರ್ ಮೊದಲ ಭಾಗ ಸುಮಾರು 77,000 ಪದ. ಅದರಲ್ಲಿ ಹುಟ್ಟಿಸಿದ ಪದಗಳು, ಬ್ರಿಟನ್ನಿನ ವಸತಿಶಾಲೆಯ ರೂಢಿಗಳು, ಹ್ಯಾಗ್ರಿಡ್‌ನ ಮುರುಕು ಕಾಗುಣಿತ ಬೇರೆ. ಸಿನಿಮಾ ಬಾಯಿಪಾಠ ಆಗಿದ್ದವರಿಗೆ ಸರಿ. ಉಳಿದವರಿಗೆ ಇದರ ಅರ್ಧಕ್ಕಿಂತ ಕಡಿಮೆ ಇರುವ ‘ಅನಿಮಲ್ ಫಾರ್ಮ್’ ಮೇಲು: 30,000 ಪದದ ಆಸುಪಾಸು, ನೇರ ವಾಕ್ಯ, ಮಾತಿಗಿಂತ ನಿರೂಪಣೆ ಹೆಚ್ಚು, ಆದ್ದರಿಂದ ನುಡಿಗಟ್ಟಿನ ಕಾಟ ಕಡಿಮೆ.

ಕನ್ನಡಿಗರಿಗೆ ಇನ್ನೂ ಹತ್ತಿರದ ದಾರಿ ಇದೆ. ನಾರಾಯಣ್ ಅವರ ‘ಸ್ವಾಮಿ ಅಂಡ್ ಫ್ರೆಂಡ್ಸ್’ (1935) ಓದುವಾಗ ಶಾಲೆ, ಅಜ್ಜಿ, ಕ್ರಿಕೆಟ್ ಯಾವುದನ್ನೂ ಕಲ್ಪಿಸಿಕೊಳ್ಳಬೇಕಿಲ್ಲ, ಭಾಷೆಯೊಂದನ್ನೇ ಗಮನಿಸಿದರೆ ಸಾಕು. ಅದಕ್ಕಿಂತಲೂ ನೇರವಾದದ್ದು ಜೋಡಿ ಓದು. ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಕನ್ನಡದಲ್ಲೂ ಇದೆ, ಶ್ರೀನಾಥ್ ಪೇರೂರ್ ಅವರ ಇಂಗ್ಲಿಷಿನಲ್ಲೂ ಇದೆ, ಎರಡೂ ಚಿಕ್ಕವು. ಒಂದು ಅಧ್ಯಾಯ ಕನ್ನಡದಲ್ಲಿ ಓದಿ, ಮರುದಿನ ಅದನ್ನೇ ಇಂಗ್ಲಿಷಿನಲ್ಲಿ ಓದಿ. ಸಾಲು ಸಾಲಾಗಿ ಪಕ್ಕಪಕ್ಕ ಇಟ್ಟು ಓದಬೇಡಿ, ಕಣ್ಣು ಕನ್ನಡದ ಕಡೆಗೇ ಓಡುತ್ತದೆ.

2025ರ ಅಂತರರಾಷ್ಟ್ರೀಯ ಬುಕರ್ ಪಡೆದ, ಬಾನು ಮುಷ್ತಾಕ್ ಅವರ ಕಥೆಗಳನ್ನು ದೀಪಾ ಭಾಸ್ತಿ ಅನುವಾದಿಸಿದ ‘ಹಾರ್ಟ್ ಲ್ಯಾಂಪ್’ ಅನ್ನು ಈಗ ಬಹಳ ಜನ ಇದೇ ಉದ್ದೇಶಕ್ಕೆ ಕೊಳ್ಳುತ್ತಿದ್ದಾರೆ. ಓದಿನ ಸುಖಕ್ಕೆ ಎರಡು ಮಾತಿಲ್ಲ. ಆದರೆ ಆ ಇಂಗ್ಲಿಷ್ ಕನ್ನಡದ ಲಯವನ್ನು ಬೇಕೆಂದೇ ಉಳಿಸಿಕೊಂಡಿದೆ. ಕನ್ನಡ, ಉರ್ದು, ಅರಬಿ ಪದಗಳು ಅಡಿಟಿಪ್ಪಣಿಯಿಲ್ಲದೆ ಬರುತ್ತವೆ. ಪರೀಕ್ಷೆಯ ಪ್ರಬಂಧಕ್ಕೆ ವಾಕ್ಯಗಳ ಅಚ್ಚು ಹುಡುಕುವವರು ಬೇರೆ ಪುಸ್ತಕ ನೋಡುವುದು ಒಳ್ಳೆಯದು.

ಪುಕ್ಕಟೆ ಹಳೆಯ ಪುಸ್ತಕಗಳು

ಜಪಾನಿಗೆ 1997ರಲ್ಲಿ ಶುರುವಾದ ಆವೊಜೊರಾ ಬುಂಕೊ, ಇಂಗ್ಲಿಷಿಗೆ ಪ್ರಾಜೆಕ್ಟ್ ಗುಟೆನ್‌ಬರ್ಗ್. ಎರಡರಲ್ಲೂ ಹಕ್ಕುಸ್ವಾಮ್ಯ ಮುಗಿದ ಕೃತಿಗಳು. ಜಪಾನ್ 2018ರ ಕೊನೆಗೆ ಲೇಖಕರ ಮರಣಾನಂತರದ ಅವಧಿಯನ್ನು 50ರಿಂದ 70 ವರ್ಷಕ್ಕೆ ಏರಿಸಿತು. ಹಾಗಾಗಿ 1967ರೊಳಗೆ ತೀರಿಕೊಂಡವರು ಮಾತ್ರ ಅಲ್ಲಿ ಮುಕ್ತರಾಗಿದ್ದಾರೆ, ಮಿಶಿಮಾ, ಕವಾಬಾತಾ ಸಿಗುವುದಿಲ್ಲ. ಭಾರತದಲ್ಲಿ ಅವಧಿ 60 ವರ್ಷ. 1950ರಲ್ಲಿ ತೀರಿಕೊಂಡ ಆರ್ವೆಲ್ ಇಲ್ಲಿ 2011ರಿಂದಲೇ ಮುಕ್ತ, ಅಮೆರಿಕದಲ್ಲಿ ‘ಅನಿಮಲ್ ಫಾರ್ಮ್’ ಇನ್ನೂ ಅಲ್ಲ. ಹಾಗಾಗಿ ಅದನ್ನು ಗುಟೆನ್‌ಬರ್ಗ್‌ನ ಆಸ್ಟ್ರೇಲಿಯಾ ತಾಣದಲ್ಲಿ ಹುಡುಕಬೇಕು.

ಆವೊಜೊರಾದಲ್ಲಿ ಪುಸ್ತಕದ ಹೆಸರಿನ ಪಕ್ಕದ ಗುರುತು ಓದದೆ ಇಳಿಸಿಕೊಳ್ಳಬೇಡಿ. ‘ಶಿಂಜಿ ಶಿಂಕಾನಾ’ ಎಂದಿದ್ದರೆ ಹೊಸ ಅಕ್ಷರ, ಹೊಸ ಕಾಗುಣಿತ. ‘ಕ್ಯೂಜಿ ಕ್ಯೂಕಾನಾ’ ಎಂದಿದ್ದರೆ 1946ರ ಸುಧಾರಣೆಗೆ ಮುಂಚಿನದು: ‘ತೆಫುತೆಫು’ ಎಂದು ಬರೆದದ್ದನ್ನು ‘ಚೋಚೋ’ ಎಂದು ಓದಿ ಚಿಟ್ಟೆ ಎಂದು ತಿಳಿಯಬೇಕು. ಒಂದೇ ಕಥೆ ಎರಡೂ ರೂಪದಲ್ಲಿ ಇರುವುದುಂಟು. ನೀಮಿ ನಾಂಕಿಚಿಯ ‘ಗೊನ್ ಗಿತ್ಸುನೆ’ಯಿಂದ ಶುರು ಮಾಡಿದರೆ ಒಂದು ಸಂಜೆಯ ಓದು. ಅಕುತಾಗಾವಾನ ‘ಕುಮೊ ನೊ ಇತೊ’ ಅದಕ್ಕಿಂತ ಚಿಕ್ಕದಾದರೂ ಪದ ಭಾರ. ಗುಟೆನ್‌ಬರ್ಗ್‌ನಲ್ಲಿ ಹೋಮ್ಸ್ ಕಥೆಗಳಿಗೆ ಕೈ ಹಾಕುವವರು ಕುದುರೆಗಾಡಿಗಳ ಹೆಸರಿನಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ. ಪುಕ್ಕಟೆ ಎಂಬ ಒಂದೇ ಕಾರಣಕ್ಕೆ ನೂರು ವರ್ಷ ಹಿಂದಿನ ಇಂಗ್ಲಿಷ್ ಕಲಿಯಬೇಕೇ?

ಪರೀಕ್ಷೆ ಎದುರಿಗಿದ್ದರೆ

ಜುಲೈ, ಡಿಸೆಂಬರಿನ ಜೆಎಲ್‌ಪಿಟಿಗೆ ಬೆಂಗಳೂರಿನಲ್ಲಿ ಕೂರುವವರು ಒಂದು ವಿಷಯ ನೆನಪಿಡಬೇಕು. 2010ರಲ್ಲಿ ಪರೀಕ್ಷೆ ಬದಲಾದ ಮೇಲೆ ಅಧಿಕೃತ ಪದಪಟ್ಟಿ ಪ್ರಕಟವಾಗುತ್ತಿಲ್ಲ. ಪುಸ್ತಕದ ಮೇಲೆ ‘ಎನ್3’ ಎಂದು ಹಾಕಿದ್ದರೆ ಅದು ಪ್ರಕಾಶಕರ ಅಂದಾಜು. ಎನ್2ರಲ್ಲಿ ವ್ಯಾಕರಣ, ಪದ, ಓದು ಸೇರಿ 105 ನಿಮಿಷ, ಓದಿನ ಪ್ರಶ್ನೆಗಳು ಹೆಚ್ಚಾಗಿ ಅಭಿಪ್ರಾಯ ಲೇಖನಗಳ ಮೇಲೆ: ಲೇಖಕರು ಹೇಳಬಯಸುವುದೇನು ಎಂದು. ಮಾಂಗಾ, ಕಾದಂಬರಿ ಎಷ್ಟು ಓದಿದ್ದರೂ ಇಲ್ಲಿ ಸಾಲದು. ಹೈಸ್ಕೂಲು ಮಕ್ಕಳಿಗೆಂದು ವಿಜ್ಞಾನ, ಸಮಾಜ, ಭಾಷೆಯ ಬಗ್ಗೆ ವಿದ್ವಾಂಸರು ಬರೆಯುವ ಇವಾನಾಮಿ ಜೂನಿಯರ್ ಶಿಂಶೊ, ಚಿಕುಮಾ ಪ್ರೈಮರ್ ಶಿಂಶೊ ಮಾಲೆಗಳ ಗದ್ಯ ಪರೀಕ್ಷೆಯ ಗದ್ಯಕ್ಕೆ ತೀರಾ ಹತ್ತಿರ. ಪರೀಕ್ಷೆಗೆ ನಾಲ್ಕು ತಿಂಗಳಿರುವಾಗ ಒಂದನ್ನು ಹಿಡಿದು ದಿನಕ್ಕೆ ನಾಲ್ಕು ಪುಟದಂತೆ ಓದಿದರೆ ಸಾಕಾಗುತ್ತದೆ.

ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್ ಅಕಾಡೆಮಿಕ್‌ನ ಓದಿನ ಭಾಗದಲ್ಲಿ 60 ನಿಮಿಷಕ್ಕೆ 3 ಲೇಖನ, 40 ಪ್ರಶ್ನೆ. ಒಟ್ಟು 2150ರಿಂದ 2750 ಪದ. ಅದಕ್ಕೆ ಹೊಂದುವ ಓದು ‘ದ ಕಾನ್ವರ್ಸೇಶನ್’ ತಾಣದ್ದು, ವಿಶ್ವವಿದ್ಯಾಲಯದ ಅಧ್ಯಾಪಕರು ಸಾಮಾನ್ಯರಿಗಾಗಿ ಬರೆದ ಲೇಖನಗಳು, ಓದಲು ದುಡ್ಡಿಲ್ಲ. ವಾರಕ್ಕೆ ಮೂರು ಲೇಖನ, ಪ್ರತಿ ಪ್ಯಾರಾಕ್ಕೂ ಅಂಚಿನಲ್ಲಿ ಐದು ಪದದ ಸಾರ ಬರೆಯಿರಿ.

ಎರಡೂ ಭಾಷೆ ಒಟ್ಟಿಗೆ ಕಲಿಯುವವರು ಜಪಾನಿ ಪುಸ್ತಕದ ಅಂಚಿನಲ್ಲಿ ಇಂಗ್ಲಿಷ್ ಅರ್ಥ ಬರೆಯುವ ಅಭ್ಯಾಸ ಬಿಡುವುದು ಲೇಸು. ನಿಘಂಟು ಇಂಗ್ಲಿಷಿನಲ್ಲೇ ಇರಲಿ, ಬರೆಯುವುದು ಕನ್ನಡದಲ್ಲಿ. ಇಂಗ್ಲಿಷಿಗೆ ತಿರುಗಿಸಿದರೆ ವಾಕ್ಯದ ಬಾಲ ತಲೆಗೆ ಬರುತ್ತದೆ, ಮತ್ತೆ ಅದನ್ನು ತಿರುಗಿಸಿ ಅರ್ಥ ಮಾಡಿಕೊಳ್ಳಬೇಕು. ‘ಯಾತ್ತೆ ಮಿತಾ’ ಪಕ್ಕದಲ್ಲಿ ‘ಮಾಡಿ ನೋಡಿದ’ ಎಂದಿದ್ದರೆ ಮುಗಿಯಿತು. ‘ಯಾತ್ತೆ ಕುರೆತಾ’ ಪಕ್ಕದಲ್ಲಿ ‘ಮಾಡಿಕೊಟ್ಟ’ ಎಂದು ಬರೆದು, ಮುಂದೆ ‘ನನಗೆ’ ಎಂದು ಸೇರಿಸಿ. ನಮ್ಮ ‘ಕೊಡು’ ಯಾರಿಗೆ ಬೇಕಾದರೂ ಆಗುತ್ತದೆ, ಅವರ ‘ಕುರೆರು’ ಬರುವುದು ನನಗೆ ಅಥವಾ ನಮ್ಮ ಕಡೆಯವರಿಗೆ ಮಾತ್ರ.